ಪೆಜ್ ಅಂದರೆ ಮೇಲೆ ಗೊಂಬೆಯ ತಲೆ ಇರುವ ಪುಟ್ಟ ಮಿಠಾಯಿ ಕೊಳವೆ. ಅದರ ತಲೆ ಬಾಗಿಸಿದರೆ ಒಂದೇ ಮಿಠಾಯಿ ಬರುತ್ತದಲ್ಲ, ಅದು ಹೇಗೆ?

ಕೊಳವೆಯೊಳಗೆ ಕೆಳಗಿರುವ ಸ್ಪ್ರಿಂಗ್ ಮಿಠಾಯಿಗಳ ಸಾಲನ್ನು ಸದಾ ಮೇಲಕ್ಕೆ ಒತ್ತುತ್ತಿರುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿದಾಗ ಗಂಟಲಿನ ಹತ್ತಿರ ಇರುವ ಪುಟ್ಟ ಪ್ಲಾಸ್ಟಿಕ್ ನಾಲಿಗೆ ಮೇಲಿನ ಮಿಠಾಯಿಯನ್ನು ಮುಂದಕ್ಕೆ ತಳ್ಳುತ್ತದೆ.

ಎರಡನೆಯದು ಯಾಕೆ ಬರುವುದಿಲ್ಲ? ಎಲ್ಲಾ ಅಳತೆಯ ಆಟ. ನಾಲಿಗೆ ಮುಟ್ಟುವುದು ಮೇಲಿನದನ್ನು ಮಾತ್ರ. ಅದರ ಕೆಳಗಿನದು ಇನ್ನೂ ಕೊಳವೆಯ ಗೋಡೆಗಳ ನಡುವೆಯೇ ಇರುತ್ತದೆ, ಮುಂದೆ ಜಾರಲು ಜಾಗವಿಲ್ಲ. ತಲೆ ಬಿಟ್ಟರೆ ನಾಲಿಗೆ ಹಿಂದೆ ಸರಿಯುತ್ತದೆ, ಸ್ಪ್ರಿಂಗ್ ಮುಂದಿನದನ್ನು ಎತ್ತಿ ಕೊಡುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇದು: ಇಲ್ಲಿ ಮಿಠಾಯಿಯೂ ಯಂತ್ರದ ಒಂದು ಭಾಗ. ಪುಟಾಣಿ ಇಟ್ಟಿಗೆಯಂತೆ ಚಪ್ಪಟೆಯಾಗಿ, ಒಂದೇ ದಪ್ಪಕ್ಕೆ ಒತ್ತಿ ಮಾಡಿರುವುದರಿಂದಲೇ 12 ಮಿಠಾಯಿ ನೇರವಾಗಿ ಕೂರುತ್ತವೆ. ಒಂದು ಮೂಲೆ ಮುರಿದಿದ್ದರೂ ಸಾಕು, ಅಡ್ಡಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ತುಂಬುವಾಗ ಸುಮ್ನೆ ಸುರಿಯಬೇಡಿ, ಒಂದೊಂದಾಗಿ ಜೋಡಿಸಿ.

ಅಂದ ಹಾಗೆ, 1927ರಲ್ಲಿ ವಿಯೆನ್ನಾದಲ್ಲಿ ಎಡ್ವರ್ಡ್ ಹಾಸ್ ಪೆಜ್ ಮಿಠಾಯಿಯನ್ನು ದೊಡ್ಡವರ ಪೆಪ್ಪರ್‌ಮಿಂಟ್ ಆಗಿ ಶುರು ಮಾಡಿದ್ದು. ಒಂದೊಂದೇ ಮಿಠಾಯಿ ಕೊಡುವ ಮೊದಲ ಡಬ್ಬಿ ಬಂದಿದ್ದು 1940ರ ದಶಕದ ಕೊನೆಯಲ್ಲಿ, ಅದು ಸಿಗರೇಟ್ ಲೈಟರ್‌ನಂತಿತ್ತು. ಗೊಂಬೆ ತಲೆ ಬಂದಿದ್ದು 1950ರ ದಶಕದಲ್ಲಿ, ಅಮೆರಿಕದ ಮಕ್ಕಳಿಗಾಗಿ.