ಸರ್ವರ್‌ನ ಹಳೆಯ ಹಾರ್ಡ್ ಡಿಸ್ಕ್‌ಗೆ ಯಾವ ಅಡಾಪ್ಟರ್, ಯಾವ ಕೇಬಲ್?

ಸರ್ವರ್‌ನಿಂದ ಬಿಚ್ಚಿದ 4 ಟಿಬಿಯ ನಾಲ್ಕು ಸ್ಯಾಸ್ (SAS, ಸರ್ವರ್ ಡಿಸ್ಕ್‌ಗಳ ಜೋಡಣೆ) ಡ್ರೈವ್ ತಗೊಂಡಿದ್ದೀರಿ, ನಿಮ್ಮ ಪಿಸಿಯ ಸಾಟಾ (SATA, ಸಾಮಾನ್ಯ ಪಿಸಿ ಡಿಸ್ಕ್‌ಗಳದ್ದು) ಕೇಬಲ್ ಅದಕ್ಕೆ ಕೂರುತ್ತಿಲ್ಲ, ಸ್ಯಾಸ್‌ನಿಂದ ಸಾಟಾಗೆ ಬದಲಿಸುವ ಪುಟ್ಟ ಅಡಾಪ್ಟರ್ ಸಾಕಾ ಅಂತ ಕೇಳಿದ್ದೀರಿ. ಸಾಲದು. ಆರ್ಡರ್ ಮಾಡಿದ್ದರೆ ಈಗಲೇ ಕ್ಯಾನ್ಸಲ್ ಮಾಡಿ.

ನಾನೂ ಮೊದಲು ಅದನ್ನೇ ತರಿಸಿದ್ದೆ. ಸರಿಯಾಗಿ ಕೂತಿತು, ಡ್ರೈವ್ ಗುಂಯ್ ಅಂತ ತಿರುಗಿತು, ಬಯೋಸ್‌ನಲ್ಲಿ ಮಾತ್ರ ಏನೂ ಕಾಣಲಿಲ್ಲ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಕೊನೆಗೆ ಮಾರಿದವರಿಗೆ ಖಾರವಾಗಿ ಎರಡು ಸಾಲು ಬರೆದೂಬಿಟ್ಟೆ. ಪಾಪ, ಡ್ರೈವ್ ಚೆನ್ನಾಗಿಯೇ ಇತ್ತು. ಆ ಅಡಾಪ್ಟರ್ ಒಳಗೆ ಚಿಪ್ ಇರುವುದಿಲ್ಲ, ಒಂದು ಪಿನ್ನಿಂದ ಇನ್ನೊಂದಕ್ಕೆ ಗೆರೆ ಎಳೆದಿರುತ್ತಾರೆ, ಅಷ್ಟೇ. ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಸ್ಯಾಸ್ ಭಾಷೆಯೇ ಬರುವುದಿಲ್ಲ. ಉಲ್ಟಾ ಮಾಡಿದರೆ ನಡೆಯುತ್ತದೆ: ಸ್ಯಾಸ್ ಕಾರ್ಡಿಗೆ ಸಾಟಾ ಡ್ರೈವ್ ಹಾಕಬಹುದು. ಸಾಮಾನ್ಯ ಯುಎಸ್‌ಬಿ ಡಾಕ್ ಕೂಡ ಸಾಟಾದ್ದೇ, ಅದರಿಂದಲೂ ಆಗಲ್ಲ.

ಡ್ರೈವನ್ನು ತಿರುಗಿಸಿ ನೋಡಿ. ಸಾಟಾ ಆಗಿದ್ದರೆ ಡೇಟಾ ಭಾಗಕ್ಕೂ ಪವರ್ ಭಾಗಕ್ಕೂ ನಡುವೆ ಒಂದು ಸಂದು ಇರುತ್ತದೆ. ಸ್ಯಾಸ್‌ನಲ್ಲಿ ಆ ಸಂದು ತುಂಬಿರುತ್ತದೆ, ಅದರ ಹಿಂಬದಿಯಲ್ಲಿ ಇನ್ನೂ 7 ಸಣ್ಣ ಪಿನ್ ಕಾಣುತ್ತವೆ. ಈ ಕನೆಕ್ಟರಿಗೆ ಎಸ್‌ಎಫ್‌ಎಫ್-8482 ಅಂತ ಹೆಸರು.

ನಿಮಗೆ ಬೇಕಾದ್ದು ಎಚ್‌ಬಿಎ ಕಾರ್ಡ್, ಅಂದರೆ ಮದರ್‌ಬೋರ್ಡಿಗೆ ಸಿಕ್ಕಿಸಿ ಸ್ಯಾಸ್ ಡ್ರೈವ್ ಜೋಡಿಸುವ ಕಾರ್ಡ್. ಎಲ್‌ಎಸ್‌ಐ 9211-8ಐ ಥರದ್ದು ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು, ತಿರುಗುವ ಡಿಸ್ಕ್‌ಗೆ 6 ಗಿಗಾಬಿಟ್ ಧಾರಾಳ. ರೈಡ್ ಫರ್ಮ್‌ವೇರ್ (ಹಲವು ಡಿಸ್ಕ್ ಸೇರಿಸಿ ಒಂದಾಗಿ ತೋರಿಸುವಂಥದ್ದು) ಬೇಡ, ಪ್ರತಿ ಡಿಸ್ಕನ್ನೂ ಇದ್ದ ಹಾಗೇ ತೋರಿಸುವ ಐಟಿ ಮೋಡ್‌ನದ್ದು ನೋಡಿ ತಗೊಳ್ಳಿ. ಇನ್ನೂ ಹಳೆಯ 1068ಇ ಚಿಪ್‌ನ ಕಾರ್ಡ್ ಬಿಟ್ಟಿ ಕೊಟ್ಟರೂ ಬೇಡ, ಅದು 2 ಟಿಬಿಗಿಂತ ಜಾಸ್ತಿ ನೋಡುವುದಿಲ್ಲ.

ಈಗ ಕೇಬಲ್. 9211ರಲ್ಲಿ ಇರುವುದು ಎಸ್‌ಎಫ್‌ಎಫ್-8087 ಪೋರ್ಟ್, 9300-8ಐ ಕಾರ್ಡಿನಲ್ಲಿ ಎಸ್‌ಎಫ್‌ಎಫ್-8643. ಒಂದರ ಕೇಬಲ್ ಇನ್ನೊಂದಕ್ಕೆ ಕೂರುವುದಿಲ್ಲ. ಒಂದು ಪೋರ್ಟಿನಿಂದ ನಾಲ್ಕು ಡ್ರೈವ್ ಹೊರಡುತ್ತವೆ, ಹಾಗಾಗಿ ನಿಮಗೆ ಒಂದೇ ಕೇಬಲ್ ಸಾಕು: ಕಾರ್ಡಿನ ಕಡೆ 8087, ಡ್ರೈವ್ ಕಡೆ ನಾಲ್ಕು 8482. ತುದಿಯಲ್ಲಿ ಸಾಟಾ ಇರುವ ಕೇಬಲ್ ತಂದರೆ ಮತ್ತೆ ಅದೇ ಪುಟ್ಟ ಅಡಾಪ್ಟರ್ ಹುಡುಕಬೇಕಾಗುತ್ತದೆ. ಅದರಲ್ಲೂ ‘ರಿವರ್ಸ್ ಬ್ರೇಕ್‌ಔಟ್’ ಅನ್ನುವುದು ಒಂದಿದೆ, ನೋಡೋಕೆ ಕಾರ್ಡಿನಿಂದ ಡ್ರೈವ್‌ಗೆ ಹೋಗುವ ‘ಫಾರ್ವರ್ಡ್’ ಥರವೇ ಇರುತ್ತದೆ, ವೈರಿಂಗ್ ಬೇರೆ. ಅದು ಮದರ್‌ಬೋರ್ಡಿನ ಸಾಟಾ ಪೋರ್ಟ್‌ಗಳಿಂದ ಬ್ಯಾಕ್‌ಪ್ಲೇನ್‌ಗೆ (ಸರ್ವರ್‌ನಲ್ಲಿ ಡ್ರೈವ್‌ಗಳು ಕೂರುವ ಬೋರ್ಡಿಗೆ) ಹೋಗುವಂಥದ್ದು, ನಿಮಗಲ್ಲ.

ಪವರ್ ವಿಷಯಕ್ಕೆ ಸ್ವಲ್ಪ ತಾಳ್ಮೆ ಇರಲಿ. 8482 ತುದಿಯ ಕೇಬಲ್‌ಗಳಲ್ಲಿ ಪವರ್‌ಗೆ ಮೋಲೆಕ್ಸ್ (ಹಳೆಯ ನಾಲ್ಕು ಪಿನ್ನಿನ ಪ್ಲಗ್) ಅಥವಾ ಸಾಟಾ ಪ್ಲಗ್ ನೇತಾಡುತ್ತಿರುತ್ತದೆ. ನಾನು ಮೋಲೆಕ್ಸ್‌ನದ್ದೇ ಆರಿಸುತ್ತೇನೆ. ಕಾರಣ, ಕೆಲವು ಹೊಸ ಡ್ರೈವ್‌ಗಳಲ್ಲಿ ಪವರ್‌ನ 3ನೇ ಪಿನ್ ಡ್ರೈವನ್ನು ದೂರದಿಂದ ಆಫ್ ಮಾಡೋಕೆ ಇಟ್ಟಿದ್ದು. ಅದಕ್ಕೆ 3.3 ವೋಲ್ಟ್ ಬಂದರೆ ಡ್ರೈವ್ ತಿರುಗುವುದೇ ಇಲ್ಲ. ಮೋಲೆಕ್ಸ್‌ನಲ್ಲಿ 5 ಮತ್ತು 12 ವೋಲ್ಟ್ ಮಾತ್ರ, ತಕರಾರೇ ಇಲ್ಲ. ಆಮೇಲೆ, 3.5 ಇಂಚಿನ ಡಿಸ್ಕ್ ಸ್ಟಾರ್ಟ್ ಆಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಂದು ಸಾಟಾ ಪ್ಲಗ್ ತಾಳುವುದು 4.5 ಆಂಪಿಯರ್. ನಾಲ್ಕನ್ನೂ ಒಂದೇ ಪ್ಲಗ್‌ನಿಂದ ಸ್ಪ್ಲಿಟ್ ಮಾಡಿದರೆ ಏನಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಇನ್ನೊಂದು ಪವರ್ ಸಪ್ಲೈನ ಮಾಡ್ಯುಲರ್ ಕೇಬಲ್ ಮನೆಯಲ್ಲಿ ಬಿದ್ದಿದೆ ಅಂತ ಸುಮ್ನೆ ಸಿಕ್ಕಿಸಬೇಡಿ. ಪಿನ್ ಜೋಡಣೆ ಬೇರೆ ಇದ್ದರೆ ಡ್ರೈವ್ ಸುಟ್ಟೇ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಲಿನಕ್ಸ್‌ನಲ್ಲಿ ಡ್ರೈವ್ ಕಂಡು, ಸೈಜ್ ಮಾತ್ರ ಸೊನ್ನೆ ತೋರಿಸಿದರೆ ಗಾಬರಿ ಬೇಡ. ಸ್ಟೋರೇಜ್ ಅರೇಗಳಿಂದ (ಹಲವು ಡಿಸ್ಕ್ ಇರುವ ದೊಡ್ಡ ಪೆಟ್ಟಿಗೆಗಳಿಂದ) ಬಂದ ಡ್ರೈವ್‌ಗಳಲ್ಲಿ ಸೆಕ್ಟರ್, ಅಂದರೆ ಡೇಟಾ ಬರೆಯುವ ಒಂದು ತುಣುಕು, 512ರ ಬದಲು 520 ಬೈಟ್ ಇರುವುದುಂಟು. ಎಸ್‌ಜಿ_ಫಾರ್ಮ್ಯಾಟ್ (sg_format) ಟೂಲ್‌ನಿಂದ 512ಕ್ಕೆ ಬದಲಿಸಬಹುದು. ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, 4 ಟಿಬಿಗೆ ಹಲವು ಗಂಟೆಯೇ ಹಿಡಿಯುತ್ತದೆ. ಮಧ್ಯೆ ಪವರ್ ಮಾತ್ರ ತೆಗೆಯಬೇಡಿ.