ಹೇಳಿಕೆ ಲೆಕ್ಕ ಬಂದರೆ ಸಾಕು, ಮಗ ಕಿಟಕಿ ಕಡೆ ನೋಡುತ್ತಾ ಕೂರುತ್ತಾನೆ. ಏನು ಮಾಡಲಿ?

ನೀವು ಬರೆದದ್ದು ಇಷ್ಟು: ಮಗ ನಾಲ್ಕನೇ ಕ್ಲಾಸು. ಕೂಡುವುದು, ಕಳೆಯುವುದು, ಮಗ್ಗಿ ಎಲ್ಲ ಬರುತ್ತದೆ. ಹೇಳಿಕೆ ಲೆಕ್ಕ ಕೊಟ್ಟರೆ ಮಾತ್ರ ಎರಡು ಸಾಲು ಓದಿ ಎಲ್ಲೋ ಹೊರಟುಹೋಗುತ್ತಾನೆ. 'ಹಗಲುಗನಸು ಜಾಸ್ತಿ' ಅಂತ ಶಾಲೆಯಲ್ಲೂ ಹೇಳಿದ್ದಾರೆ. ಟ್ಯೂಷನ್‌ಗೆ ಹಾಕಲಾ ಅಂತ ಕೇಳಿದ್ದೀರಿ.

ನಾನು ತಿಪಟೂರು ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಇಂಥ ಮಕ್ಕಳು ಪ್ರತಿ ವರ್ಷ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಟ್ಯೂಷನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಅವನು ಹಾಗೆ ಕೂತಾಗ ಗದರಬೇಡಿ, 'ಏನ್ ಯೋಚ್ನೆ ಮಾಡ್ತಿದೀಯಪ್ಪಾ?' ಅಂತ ಸುಮ್ನೆ ಕೇಳಿ. ಉತ್ತರ ಕೇಳಿದ ಮೇಲೆ ಅರ್ಧ ದಾರಿ ತಾನಾಗೇ ಕಾಣುತ್ತದೆ.

ನನ್ನ ಕ್ಲಾಸಿನದ್ದೇ ಒಂದು ಉದಾಹರಣೆ ಕೊಡುತ್ತೇನೆ. ಬೋರ್ಡಿನ ಮೇಲೆ ಈ ಲೆಕ್ಕ ಬರೆದಿದ್ದೆ: ಒಂದು ತೋಟದಲ್ಲಿ 8 ಸಾಲು ತೆಂಗಿನ ಮರ. ಸಾಲಿಗೆ 15 ಮರ. ಗಾಳಿಗೆ 20 ಮರ ಬಿದ್ದವು. ಉಳಿದ ಒಂದೊಂದು ಮರದಿಂದ 30 ಕಾಯಿ ಕಿತ್ತರೆ ಒಟ್ಟು ಎಷ್ಟು ಕಾಯಿ? ಎಲ್ಲರೂ ಸ್ಲೇಟಿನ ಮೇಲೆ ಗೀಚುತ್ತಿದ್ದರೆ ಒಬ್ಬ ಹುಡುಗ ಬಳಪವನ್ನು ಕೆನ್ನೆಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದ. ಹತ್ತಿರ ಹೋಗಿ ಏನು ಯೋಚನೆ ಅಂತ ಕೇಳಿದೆ. 'ಬಿದ್ದ ಮರದಲ್ಲೂ ಕಾಯಿ ಇರುತ್ತಲ್ವಾ ಮಿಸ್? ಅದನ್ನ ಯಾರು ತಗೊಂಡ್ರು?' ಅಂದ. ನಾನು ಏನಾದರೂ ಹೇಳುವಷ್ಟರಲ್ಲಿ ಅವನೇ ಮುಂದುವರಿಸಿದ: 'ಬಲಿತ ಕಾಯಿ ಆದ್ರೆ ಅಟ್ಟಕ್ಕೆ ಹಾಕಬಹುದು. ಎಳೇದಾದ್ರೆ ಕೊಬ್ಬರಿ ಆಗಲ್ಲ.'

ನಮ್ಮ ಕಡೆ ಕೊಬ್ಬರಿ ಮಾಡಲು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಆ ಹುಡುಗನ ಮನೆಯಲ್ಲಿ ಅದೇ ಕೆಲಸ. ಹಾಗಾಗಿ ಅವನು ಲೆಕ್ಕವನ್ನು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಕ್ಲಾಸಿನಲ್ಲಿ ಬೇರೆ ಯಾರೂ ಹೋಗದಷ್ಟು ಒಳಗೆ ಹೋಗಿದ್ದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಬಿದ್ದ ಮರದ ಕಾಯಿಯನ್ನೂ ಸೇರಿಸಿದರೆ 3600, ಬಿಟ್ಟರೆ 3000. ಲೆಕ್ಕ ಕೇಳಿದ್ದು ಉಳಿದ ಮರದ್ದು ಮಾತ್ರ. ಅವನಿಗೆ ನಾನು ಕಲಿಸಬೇಕಾಗಿದ್ದದ್ದು ಇಷ್ಟೇ: ನೀನು ನೋಡಿದ ತೋಟದಲ್ಲಿ ಈ ಲೆಕ್ಕಕ್ಕೆ ಬೇಕಾದ ಭಾಗ ಯಾವುದು.

ಹೇಳಿಕೆ ಲೆಕ್ಕದಲ್ಲಿ ಕಷ್ಟ ಇರುವುದು ಇಲ್ಲೇ. ಮೊದಲು ಒಂದು ಚಿತ್ರ ಕಟ್ಟಿಕೊಳ್ಳಬೇಕು, ಆಮೇಲೆ ಅದರಿಂದ ಮುಕ್ಕಾಲು ಪಾಲು ತೆಗೆದುಹಾಕಬೇಕು. ಬಹಳ ಮಕ್ಕಳು ಚಿತ್ರವನ್ನೇ ಕಟ್ಟುವುದಿಲ್ಲ, ಸಂಖ್ಯೆ ಕಂಡ ತಕ್ಷಣ ಕೂಡಿಬಿಡುತ್ತಾರೆ. ನಿಮ್ಮ ಮಗನಂಥವರು ಚಿತ್ರ ಚೆನ್ನಾಗಿ ಕಟ್ಟುತ್ತಾರೆ, ತೆಗೆಯಲು ಬರುವುದಿಲ್ಲ. ತೆಗೆಯುವುದನ್ನು ಕಲಿಸಬಹುದು. ಕಟ್ಟುವುದನ್ನು ಕಲಿಸುವುದು ಅದಕ್ಕಿಂತ ಬಹಳ ಕಷ್ಟ.

ಚಿತ್ರ ಕಟ್ಟದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹೆಸರಾಂತ ಲೆಕ್ಕ ಇದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ದೇಶದಾದ್ಯಂತ ನಡೆದ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಕೊಟ್ಟಿದ್ದು. ಒಂದು ಬಸ್ಸಿನಲ್ಲಿ 36 ಸೈನಿಕರು ಕೂರಬಹುದು. 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸು ಬೇಕು? ನೂರಕ್ಕೆ ಸುಮಾರು 70 ಮಕ್ಕಳು ಭಾಗಾಕಾರ ಸರಿಯಾಗಿ ಮಾಡಿದರು. 32 ಬಸ್ಸು ಅಂತ ಸರಿಯಾದ ಉತ್ತರ ಬರೆದವರು ನೂರಕ್ಕೆ 23 ಮಾತ್ರ. ನೂರಕ್ಕೆ 29 ಮಕ್ಕಳು '31, ಶೇಷ 12' ಅಂತ ಬರೆದಿದ್ದರು. ಆ 12 ಜನ ಸೈನಿಕರು ರಸ್ತೆಯಲ್ಲೇ ನಿಂತಿದ್ದಾರೆ ಅನ್ನುವುದು ಅವರಿಗೆ ಕಾಣಲೇ ಇಲ್ಲ. ನಿಮ್ಮ ಮಗನಿಗೆ ಇದೇ ಲೆಕ್ಕವನ್ನು ಚಿಕ್ಕ ಸಂಖ್ಯೆಯಲ್ಲಿ ಕೊಟ್ಟು ನೋಡಿ. ಶಾಲೆಯ ಪ್ರವಾಸಕ್ಕೆ 130 ಮಕ್ಕಳು, ಬಸ್ಸಿಗೆ 50 ಜನ. ಉಳಿದ 30 ಮಕ್ಕಳನ್ನು ಅವನು ಖಂಡಿತ ಬಿಟ್ಟುಹೋಗುವುದಿಲ್ಲ ಅಂತ ನನ್ನ ನಂಬಿಕೆ.

ಈಗ, ದಯವಿಟ್ಟು ಮಾಡಬೇಡಿ ಅಂತ ಕೇಳಿಕೊಳ್ಳುವ ಒಂದು ವಿಷಯ. 'ಒಟ್ಟು ಅಂತ ಇದ್ರೆ ಕೂಡು, ಉಳಿದದ್ದು ಅಂತ ಇದ್ರೆ ಕಳೆ, ಹೆಚ್ಚು ಅಂತ ಇದ್ರೆ ಕೂಡು' ಅನ್ನುವ ಸೂತ್ರವನ್ನು ಬಾಯಿಪಾಠ ಮಾಡಿಸಬೇಡಿ. ಎರಡನೇ ಕ್ಲಾಸಿನಲ್ಲಿ ಇದು ನಡೆಯುತ್ತದೆ, ನಾಲ್ಕಕ್ಕೆ ಬಂದ ಕೂಡಲೇ ಕೈ ಕೊಡುತ್ತದೆ. ಈ ಲೆಕ್ಕ ನೋಡಿ: ಗೌರಿ ಹತ್ತಿರ 24 ಬಳೆ ಇವೆ. ಇದು ಲತಾ ಹತ್ತಿರ ಇರುವುದಕ್ಕಿಂತ 6 ಹೆಚ್ಚು. ಲತಾ ಹತ್ತಿರ ಎಷ್ಟು ಬಳೆ? ಸೂತ್ರ ಕಲಿತ ಮಕ್ಕಳು 30 ಅನ್ನುತ್ತಾರೆ. ಇಬ್ಬರು ಹುಡುಗಿಯರನ್ನು ಕಣ್ಣ ಮುಂದೆ ತಂದುಕೊಂಡವರು ಯಾರ ಕೈಯಲ್ಲಿ ಬಳೆ ಜಾಸ್ತಿ ಅಂತ ನೋಡಿ 18 ಅನ್ನುತ್ತಾರೆ. ಮೇಲಿನ ತೆಂಗಿನ ಲೆಕ್ಕದಲ್ಲೂ 'ಒಟ್ಟು' ಅಂತ ಇದೆ, ಕೊನೆಗೆ ಮಾಡಬೇಕಾದದ್ದು ಗುಣಾಕಾರ. ಕನಸುಗಾರ ಮಗುವಿಗೆ ಈ ಸೂತ್ರ ಕಲಿಸಿದರೆ ಅವನ ಹತ್ತಿರ ಇದ್ದ ಒಳ್ಳೆಯದನ್ನೂ ಕಿತ್ತುಕೊಂಡ ಹಾಗೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಉತ್ತರದ ವಾಕ್ಯವನ್ನು ಮೊದಲೇ ಬರೆಸುವುದು. ಲೆಕ್ಕ ಒಮ್ಮೆ ಓದಲಿ. ಪೆನ್ಸಿಲ್ ಹಿಡಿದು ಪುಟದ ಕೆಳಗಡೆ, ಕೊನೇ ಸಾಲಿನಲ್ಲಿ, 'ಉಳಿದ ಮರಗಳಿಂದ ಕಿತ್ತ ಕಾಯಿಗಳು ______' ಅಂತ ಬರೆದು ಜಾಗ ಖಾಲಿ ಬಿಡಲಿ. ಇನ್ನೂ ಒಂದು ಲೆಕ್ಕವನ್ನೂ ಮಾಡಿರುವುದಿಲ್ಲ. ಆದರೆ ತಲುಪಬೇಕಾದ ಊರು ಬರೆದಿಟ್ಟಾಯಿತು. ಮಧ್ಯದಲ್ಲಿ ಮನಸ್ಸು ಅಟ್ಟಕ್ಕೋ ತೋಟಕ್ಕೋ ಹೋದರೂ ವಾಪಸ್ ಬಂದಾಗ ಆ ಖಾಲಿ ಜಾಗ ಕಾಣುತ್ತದೆ. ಮತ್ತೆ ಮೊದಲಿಂದ ಓದುವ ಕಷ್ಟ ಇಲ್ಲ. ಪರೀಕ್ಷೆಯಲ್ಲೂ ಇದನ್ನು ಧಾರಾಳವಾಗಿ ಮಾಡಬಹುದು, ಉತ್ತರವನ್ನು ವಾಕ್ಯದಲ್ಲಿ ಬರೆಯಿರಿ ಅಂತ ಹೇಗಿದ್ದರೂ ನಾವು ಕೇಳುತ್ತೇವೆ.

ಅದರ ಜೊತೆಗೆ, ಮಧ್ಯದಲ್ಲಿ ಬಂದ ಪ್ರತಿ ಸಂಖ್ಯೆಗೂ ಹೆಸರು ಬರೆಸಿ. 8 × 15 ಮಾಡಿ ಬರೀ 120 ಅಂತ ಬಿಟ್ಟರೆ ಎರಡು ನಿಮಿಷ ಬಿಟ್ಟು ನೋಡಿದಾಗ ಅದು ಏನು ಅಂತ ಅವನಿಗೇ ನೆನಪಿರುವುದಿಲ್ಲ. ಮರವೋ ಕಾಯಿಯೋ? '120 ಮರ, ಬೀಳುವ ಮೊದಲು' ಅಂತ ಬರೆದರೆ ಮುಂದಿನ ಹೆಜ್ಜೆ ಅದೇ ಹೇಳುತ್ತದೆ. '100 ಮರ, ಬಿದ್ದ ಮೇಲೆ.' '3000 ಕಾಯಿ.' ಗಮನ ಬೇಗ ಹರಿದುಹೋಗುವ ಮಕ್ಕಳಿಗೆ ಎಲ್ಲವನ್ನೂ ತಲೆಯಲ್ಲೇ ಹಿಡಿದಿಟ್ಟುಕೊಳ್ಳುವುದು ಬಹಳ ಭಾರ. ಆ ಭಾರವನ್ನು ಕಾಗದಕ್ಕೆ ಇಳಿಸಬೇಕು.

ಚಿತ್ರ ಬರೆಯಲು ಬಿಡಿ. ಮರ, ಗರಿ, ಕಾಯಿ ಎಲ್ಲ ಬರೆಯುತ್ತಾ ಕೂತರೆ ಒಂದು ಲೆಕ್ಕಕ್ಕೇ ಸಂಜೆ ಆಗುತ್ತದೆ, ಅದು ನಿಜ. ಅದಕ್ಕೆ ಸಿಂಗಪುರದ ಶಾಲೆಗಳಲ್ಲಿ 1980ರ ದಶಕದಿಂದ ಬಳಸುತ್ತಿರುವ ಪಟ್ಟಿ ಚಿತ್ರ ಒಳ್ಳೆಯದು. ಗೌರಿಗೆ ಒಂದು ಉದ್ದ ಪಟ್ಟಿ, 24. ಅದರ ಕೆಳಗೆ ಲತಾಗೆ ಸ್ವಲ್ಪ ಗಿಡ್ಡ ಪಟ್ಟಿ. ಎರಡರ ನಡುವಿನ ತುಂಡು 6. ಅಷ್ಟೇ. ಎರಡು ಗೆರೆ ಎಳೆದ ಕೂಡಲೇ ಕೂಡಬೇಕೋ ಕಳೆಯಬೇಕೋ ಅಂತ ಯಾರನ್ನೂ ಕೇಳುವ ಅಗತ್ಯ ಬರುವುದಿಲ್ಲ. ಚಿತ್ರದಿಂದ ಬೇಡದ್ದನ್ನು ತೆಗೆಯಬೇಕು ಅಂದೆನಲ್ಲ, ಆ ಅಭ್ಯಾಸ ಈ ಪಟ್ಟಿಯಿಂದಲೇ ಬರುತ್ತದೆ.

ದಿನಕ್ಕೆ ಒಂದೇ ಲೆಕ್ಕ ಸಾಕು. ಹತ್ತು ಬೇಡ. ವಾರಕ್ಕೊಮ್ಮೆ ಅವನೇ ಒಂದು ಲೆಕ್ಕ ಹೆಣೆದು ನಿಮಗೆ ಕೊಡಲಿ, ನೀವು ಬಿಡಿಸಿ. ಲೆಕ್ಕ ಹೆಣೆಯುವಾಗ ಯಾವ ಮಾಹಿತಿ ಬೇಕು, ಯಾವುದು ಬೇಡ ಅನ್ನುವುದು ಬಿಡಿಸುವಾಗ ಗೊತ್ತಾಗುವುದಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ನಾಲ್ಕನೇ ಕ್ಲಾಸಿನಲ್ಲೇ ಯಾಕೆ ಇದು ಎದ್ದು ಕಾಣುತ್ತದೆ ಅನ್ನುವುದನ್ನೂ ಹೇಳಬೇಕು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ನಲಿ-ಕಲಿ ಇದೆ. 1990ರ ದಶಕದಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ್ದು. ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ನಾಲ್ಕಕ್ಕೆ ಬಂದರೆ ಪುಸ್ತಕ, ಬೋರ್ಡು, ಎಲ್ಲರಿಗೂ ಒಂದೇ ವೇಗ, ನಾಲ್ಕು ಸಾಲಿನ ಲೆಕ್ಕ. ನಿಮ್ಮ ಮಗ ಹೀಗೆ ಬಂದವನಾದರೆ ಹೊಂದಿಕೊಳ್ಳಲು ಸ್ವಲ್ಪ ಸಮಯ ಕೊಡಿ.

ಇಂಗ್ಲಿಷ್ ಮೀಡಿಯಂ ಆದರೆ ಕಥೆ ಬೇರೆ. ಆಗ ಒಂದು ಪರೀಕ್ಷೆ ಮಾಡಿ. ಅವನಿಗೆ ಬರದ ಲೆಕ್ಕವನ್ನು ಪುಸ್ತಕ ಮುಚ್ಚಿ, ಮನೆಯಲ್ಲಿ ಮಾತಾಡುವ ಹಾಗೆ ಕನ್ನಡದಲ್ಲಿ ಹೇಳಿ. ಪಟಕ್ಕನೆ ಉತ್ತರ ಕೊಟ್ಟರೆ ತೊಂದರೆ ಗಣಿತದ್ದೂ ಅಲ್ಲ, ಕನಸಿನದ್ದೂ ಅಲ್ಲ. ಓದಿದ್ದು ಅರ್ಥ ಆಗದೆ ಅವನು ಕಿಟಕಿ ಕಡೆ ತಿರುಗುತ್ತಿದ್ದಾನೆ. ಅಂಥ ಮಗುವಿಗೆ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಕಥೆಯಾಗಿ ಹೇಳಿಸಿ, ಆಮೇಲೆ ಇಂಗ್ಲಿಷ್ ಸಾಲುಗಳಲ್ಲಿ ಅದೇ ಕಥೆಯನ್ನು ಹುಡುಕಲು ಹೇಳಿ. ಕನ್ನಡ ಓದುವುದೇ ತಡವರಿಸುತ್ತಿದ್ದರೆ ಲೆಕ್ಕ ಪಕ್ಕಕ್ಕಿಟ್ಟು ಮೊದಲು ಓದಿನ ಕಡೆ ಗಮನ ಕೊಡಿ.

ಇನ್ನೊಂದು ಮಾತು, ಹೆದರಿಸಲು ಅಲ್ಲ. ಎಲ್ಲವನ್ನೂ ಹಗಲುಗನಸು ಅಂತ ಬಿಡಬಾರದು. ಮಾತಾಡುತ್ತಾ, ಊಟ ಮಾಡುತ್ತಾ ಇರುವಾಗಲೂ ಇದ್ದಕ್ಕಿದ್ದ ಹಾಗೆ ಕೆಲವು ಸೆಕೆಂಡು ದೃಷ್ಟಿ ನೆಟ್ಟು ನಿಲ್ಲುತ್ತದಾ? ಹೆಸರು ಹಿಡಿದು ಕರೆದರೂ, ಭುಜ ಮುಟ್ಟಿದರೂ ಗೊತ್ತಾಗುವುದಿಲ್ಲವಾ? ರೆಪ್ಪೆ ಪಟಪಟ ಅಂದು, ಆಮೇಲೆ ಏನೂ ಆಗದ ಹಾಗೆ ಮಾತು ಮುಂದುವರಿಸುತ್ತಾನಾ? ಹಾಗಿದ್ದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಈ ವಯಸ್ಸಿನಲ್ಲಿ ಕಾಣಿಸುವ ಒಂದು ಬಗೆಯ ಮೂರ್ಛೆ ಹೀಗೇ ಇರುತ್ತದೆ. ಮಗು ಬೀಳುವುದಿಲ್ಲ, ಒದ್ದಾಡುವುದಿಲ್ಲ, ಅದಕ್ಕೇ ಎಲ್ಲರೂ ಗಮನ ಇಲ್ಲ ಅಂದುಕೊಳ್ಳುತ್ತಾರೆ. ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ, ಮಾಡಿದರೆ ಸಾಮಾನ್ಯವಾಗಿ ತಿಳಿಯುತ್ತದೆ, ಬಹಳ ಮಕ್ಕಳಲ್ಲಿ ಔಷಧಿಯಿಂದ ಹತೋಟಿಗೆ ಬರುತ್ತದೆ. ಕನಸು ಕಾಣುವ ಮಗು ಭುಜ ಮುಟ್ಟಿದರೆ ವಾಪಸ್ ಬರುತ್ತದೆ, ಏನು ಯೋಚಿಸುತ್ತಿತ್ತು ಅಂತ ಹೇಳುತ್ತದೆ. ಕಣ್ಣು, ಕಿವಿ ಒಮ್ಮೆ ಪರೀಕ್ಷೆ ಮಾಡಿಸುವುದೂ ಒಳ್ಳೆಯದು. ಗಮನ ನಿಲ್ಲದಿರುವುದು ಲೆಕ್ಕದಲ್ಲಷ್ಟೇ ಅಲ್ಲ, ಆಟದಲ್ಲೂ ಮನೆಗೆಲಸದಲ್ಲೂ ತಿಂಗಳುಗಟ್ಟಲೆ ಕಾಣುತ್ತಿದ್ದರೆ ಮಕ್ಕಳ ಮನೋವೈದ್ಯರನ್ನು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ.

ಇವೆಲ್ಲ ಇಲ್ಲದಿದ್ದರೆ ಅವನ ಕಲ್ಪನೆಗೆ ತಕ್ಕ ಲೆಕ್ಕ ಕೊಡಿ. ನಮ್ಮಲ್ಲಿ ಅಂಥವುಗಳಿಗೆ ಬರವಿಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬರೆದ ಮಹಾವೀರಾಚಾರ್ಯರು ನವಿಲು, ಆನೆ, ಹರಿದುಬಿದ್ದ ಮುತ್ತಿನ ಹಾರದ ಮೇಲೆ ಲೆಕ್ಕ ಕಟ್ಟಿದ್ದಾರೆ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದ. ಅದೇ ಶತಮಾನದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಒಂದು ದುಂಬಿಯ ಲೆಕ್ಕ ಇದೆ, ಐದನೇ ಕ್ಲಾಸಿನವರಿಗೆ ನಾನು ತಪ್ಪದೆ ಕೊಡುತ್ತೇನೆ. ದುಂಬಿಗಳ ಒಂದು ಹಿಂಡು. ಐದರಲ್ಲಿ ಒಂದು ಭಾಗ ಕದಂಬದ ಹೂವಿಗೆ ಹೋಯಿತು. ಮೂರರಲ್ಲಿ ಒಂದು ಭಾಗ ಇನ್ನೊಂದು ಹೂವಿಗೆ. ಈ ಎರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದು ಹೂವಿಗೆ. ಒಂದೇ ಒಂದು ದುಂಬಿ ಕೇದಗೆಗೂ ಜಾಜಿಗೂ ಮನಸೋತು ಗಾಳಿಯಲ್ಲಿ ಅತ್ತಿತ್ತ ಹಾರಾಡುತ್ತಿದೆ. ಒಟ್ಟು ದುಂಬಿ ಎಷ್ಟು?

ಬೀಜಗಣಿತ ಬೇಡವೇ ಬೇಡ. ದುಂಬಿಯನ್ನು ತುಂಡು ಮಾಡಲು ಆಗುವುದಿಲ್ಲ ಅಲ್ವಾ, ಹಾಗಾಗಿ ಐದರಿಂದಲೂ ಮೂರರಿಂದಲೂ ಭಾಗವಾಗುವ ಸಂಖ್ಯೆ ಬೇಕು. 15 ಹಿಡಿದು ನೋಡಲಿ. ಕದಂಬಕ್ಕೆ 3, ಇನ್ನೊಂದಕ್ಕೆ 5. ವ್ಯತ್ಯಾಸ 2, ಅದರ ಮೂರರಷ್ಟು 6. ಎಲ್ಲ ಸೇರಿ 14. ಹಾರಾಡುವ ದುಂಬಿ ಒಂದು. ಭಿನ್ನರಾಶಿ ಸ್ವಲ್ಪ ಪರಿಚಯ ಆದ ಮೇಲೆ ನಿಮ್ಮ ಮಗನಿಗೂ ಕೊಡಿ. ಎಷ್ಟು ಹೊತ್ತು ಬೇಕಾದರೂ ತಗೊಳ್ಳಲಿ.

ಟ್ಯೂಷನ್ ಬಗ್ಗೆ ಕೇಳಿದ್ದಿರಿ. ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಹೆಚ್ಚಿನ ಕಡೆ ಅದೇ ಸೂತ್ರ, ಅದೇ ವೇಗ, ಇನ್ನೂ ಇಪ್ಪತ್ತು ಲೆಕ್ಕ. ಅದರ ಬದಲು ಅವನ ಗಣಿತದ ಟೀಚರ್ ಹತ್ತಿರ ಒಂದು ಹತ್ತು ನಿಮಿಷ ಮಾತಾಡಿ. ಉತ್ತರದ ವಾಕ್ಯ ಮೊದಲು ಬರೆಯುತ್ತಾನೆ, ಪಕ್ಕದಲ್ಲಿ ಪಟ್ಟಿ ಚಿತ್ರ ಎಳೆಯುತ್ತಾನೆ, ಅದಕ್ಕೆ ಬೈಯಬೇಡಿ ಅಂತ ಹೇಳಿ. ಕಿಟಕಿ ಕಡೆ ನೋಡುವಾಗ ದೂರದಿಂದ ಕೂಗುವ ಬದಲು ಹತ್ತಿರ ಬಂದು ಮೇಜು ತಟ್ಟಿ, 'ಏನು ಕೇಳಿದ್ದಾರೆ ಇಲ್ಲಿ?' ಅಂತ ಒಂದೇ ಮಾತು ಕೇಳಿದರೆ ಸಾಕು ಅಂತಲೂ ಹೇಳಿ. ಕ್ಲಾಸಿನಲ್ಲಿ ನಲವತ್ತು ಮಕ್ಕಳಿದ್ದರೂ ಇಷ್ಟು ಮಾಡಲು ನಮಗೆ ಆಗುತ್ತದೆ. ಅರ್ಧವಾರ್ಷಿಕ ಪರೀಕ್ಷೆವರೆಗೆ ಹೀಗೆ ನಡೆಸಿ ನೋಡಿ. ಆಗಲೂ ಬದಲಾವಣೆ ಕಾಣದಿದ್ದರೆ ಅವನು ಬಿಡಿಸಿದ ಎರಡು ಮೂರು ಲೆಕ್ಕಗಳನ್ನು ಇಲ್ಲೇ ಕೆಳಗೆ ಹಾಕಿ. ತಪ್ಪಿದ್ದನ್ನೂ ಅಳಿಸದೆ ಹಾಗೇ ಹಾಕಿ. ಎಲ್ಲಿ ದಾರಿ ತಪ್ಪುತ್ತಿದ್ದಾನೆ ಅಂತ ನೋಡಿ ಹೇಳುತ್ತೇನೆ.