ಮನೆ ಕರೆಂಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ತ್ರೀ ಫೇಸ್ ಸಂಪರ್ಕ. ಅಡುಗೆಮನೆಯಲ್ಲಿ ಮಿಕ್ಸಿ ಹಾಕಿದರೆ ಅಲ್ಲಿನ ಫ್ಯಾನ್ ಸೋಲುತ್ತದೆ, ಅದೇ ಹೊತ್ತಿಗೆ ಪಡಸಾಲೆಯ ಫ್ಯಾನ್ ಹುಚ್ಚು ಹಿಡಿದಂತೆ ತಿರುಗುತ್ತದೆ. ಗಾಳಿ ಬೀಸಿದ ದಿನ ಇನ್ನೂ ಜಾಸ್ತಿ. (ಶ್ರೀನಿವಾಸಪುರ)

ಉತ್ತರ ಓದುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನಿಮ್ಮ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಸಡಿಲವಾಗಿದೆ. ನ್ಯೂಟ್ರಲ್ ಗಟ್ಟಿಯಾಗಿದ್ದರೆ ಪ್ರತಿ ಫೇಸಿಗೂ (ಕರೆಂಟ್ ತರುವ ತಂತಿ) 230 ವೋಲ್ಟ್ ಸಿಗುತ್ತದೆ. ಅದು ಬಿಟ್ಟುಹೋದರೆ ಬೇರೆ ಬೇರೆ ಫೇಸಿನಲ್ಲಿರುವ ಅಡುಗೆಮನೆ, ಪಡಸಾಲೆ ಎರಡೂ ಸೇರಿ ಎರಡು ಫೇಸುಗಳ ನಡುವಿನ ಸುಮಾರು 400 ವೋಲ್ಟನ್ನು ಹಂಚಿಕೊಳ್ಳುತ್ತವೆ. ಲೋಡ್ ಕಡಿಮೆ ಇರುವ ಕಡೆಗೆ ಹೆಚ್ಚು ವೋಲ್ಟ್ ಹೋಗುತ್ತದೆ. ಟಿ.ವಿ., ಫ್ರಿಜ್ ಸುಡುವುದು ಹೀಗೆಯೇ. ಮೇನ್ ಆಫ್ ಮಾಡುವ ಮೊದಲು ಟೆಸ್ಟರ್ ನ್ಯೂಟ್ರಲ್ ತೂತಿನಲ್ಲೂ ಬೆಳಗುತ್ತಿದ್ದರೆ ಅನುಮಾನವೇ ಬೇಡ.

ಗಾಳಿಗೆ ಹೆಚ್ಚುತ್ತದೆ ಎಂದರೆ ದೋಷ ಹೊರಗಿದೆ, ಬಹುಮಟ್ಟಿಗೆ ಕಂಬದ ಜಾಯಿಂಟಿನಲ್ಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ತಂತಿ ಸುತ್ತಿ ಟೇಪ್ ಹಾಕಿದ ಕಡೆ ಮಳೆನೀರು ಸೇರಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಆ ಜಾಯಿಂಟ್ ಬಿಸಿಯಾಗಿ, ಕಪ್ಪಾಗಿ, ಕೊನೆಗೆ ಬಿಡುತ್ತದೆ. ಕಂಬದಿಂದ ಮೀಟರ್‌ವರೆಗಿನ ಕೆಲಸಕ್ಕೆ ನೀವಾಗಲಿ ಖಾಸಗಿ ವೈರ್‌ಮನ್ ಆಗಲಿ ಕೈ ಹಾಕಬಾರದು. ಬಿಲ್ ಕೈಯಲ್ಲಿಟ್ಟುಕೊಂಡು ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ‘ಕರೆಂಟ್ ಸರಿಯಿಲ್ಲ’ ಎನ್ನಬೇಡಿ, ‘ಸರ್ವಿಸ್ ವೈರಿನ ನ್ಯೂಟ್ರಲ್ ಲೂಸ್’ ಎನ್ನಿ (ಸರ್ವಿಸ್ ವೈರ್ ಎಂದರೆ ಕಂಬದಿಂದ ಮೀಟರಿಗೆ ಬರುವ ತಂತಿ). ಬರೀ ಸುತ್ತಿ ಬಿಡದೆ, ಎರಡು ಲೋಹಕ್ಕೂ ಹೊಂದುವ ಬೈಮೆಟಲ್ ಕನೆಕ್ಟರ್ ಒತ್ತಿಸಿ ಕೂರಿಸಲು ಕೇಳಿ.

ನೆಲದ ಮೇಲೆ ನಿಂತೇ ಇನ್ನೆರಡು ನೋಡಿ. ಸರ್ವಿಸ್ ವೈರಿನ ಭಾರವನ್ನು ಜಿ.ಐ. (ಸತು ಲೇಪಿಸಿದ ಕಬ್ಬಿಣ) ತಂತಿ ಹೊರುತ್ತಿದೆಯೇ, ವೈರೇ ಎಳೆದುಕೊಂಡು ನಿಂತಿದೆಯೇ? ಪೈಪಿನೊಳಗೆ ಹೋಗುವ ಮೊದಲು ವೈರ್ ಒಮ್ಮೆ ಕೆಳಕ್ಕೆ ಬಾಗಿ ಮೇಲೇರಬೇಕು. ಇಲ್ಲದಿದ್ದರೆ ಮಳೆನೀರು ವೈರ್ ಹಿಡಿದು ನೇರ ಮೀಟರ್ ಬೋರ್ಡಿಗೇ ಇಳಿಯುತ್ತದೆ.

ಪ್ರಶ್ನೆ: ಫ್ರಿಜ್ ಮುಟ್ಟಿದರೆ ಜುಂ ಎನ್ನುತ್ತಿತ್ತು. ಸಾಕೆಟ್ಟಿನಲ್ಲಿ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ತುಂಡು ವೈರ್ ಕೊಟ್ಟ ಮೇಲೆ ನಿಂತಿದೆ. ಹೀಗೇ ಬಿಡಬಹುದೆ? (ಬಾಗೇಪಲ್ಲಿ)

ಬೇಡ, ಇವತ್ತೇ ತೆಗೆಸಿ. ಶ್ರೀನಿವಾಸಪುರದ ಮನೆಯಂತೆ ನಿಮ್ಮ ನ್ಯೂಟ್ರಲ್ ಎಲ್ಲಾದರೂ ಬಿಟ್ಟರೆ ಫ್ರಿಜ್ಜಿನ ಮೈಗೆ 230 ವೋಲ್ಟ್ ಬರುತ್ತದೆ, ಫ್ಯೂಸ್ ಹೋಗುವುದಿಲ್ಲ. ಅರ್ತ್‌ಗೆ (ಸೋರಿದ ಕರೆಂಟ್ ನೆಲಕ್ಕೆ ಇಳಿಯುವ ದಾರಿ) ಗುಂಡಿಯೇ ಆಗಬೇಕು: 40 ಮಿ.ಮೀ. ವ್ಯಾಸದ, 2.5 ಮೀಟರ್ ಉದ್ದದ ಜಿ.ಐ. ಪೈಪ್, ಅದಕ್ಕೆ 12 ಮಿ.ಮೀ. ತೂತುಗಳು, ಸುತ್ತ ಇದ್ದಿಲು ಮತ್ತು ಕಲ್ಲುಪ್ಪಿನ ಪದರಗಳು, ನೀರು ಹುಯ್ಯಲು ಮೇಲೊಂದು ಫನಲ್. ಪಾಯದಿಂದ ಕನಿಷ್ಠ 1.5 ಮೀಟರ್ ದೂರವಿರಲಿ. ನಮ್ಮ ಗರಸು ನೆಲದಲ್ಲಿ ಬೇಸಿಗೆಯಲ್ಲಿ ನೀರು ಹುಯ್ಯದಿದ್ದರೆ ಗುಂಡಿ ಇದ್ದೂ ಇಲ್ಲದಂತೆ. ಬಚ್ಚಲ ನೀರು ಹರಿಯುವ ಕಡೆ ತೋಡಿಸಿದರೆ ಆ ಚಿಂತೆ ಕಡಿಮೆ. ನಾಲ್ಕಡಿಗೇ ಬಂಡೆ ಸಿಕ್ಕರೆ ಪೈಪ್ ಕತ್ತರಿಸಿ ಮುಗಿಸುವುದು ಮೋಸ. ಬೇರೆ ಜಾಗ ನೋಡಿ, ಇಲ್ಲವೇ ಐದು ಮೀಟರ್ ಅಂತರದಲ್ಲಿ ಎರಡು ಗುಂಡಿ ಮಾಡಿಸಿ ಜೋಡಿಸಿ. ಉಪ್ಪು ನೀರಿನಲ್ಲಿ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಅದರ ಬದಲು ಬೆಂಟೊನೈಟ್ ಎಂಬ ಜೇಡಿಮಣ್ಣಿನ ಪುಡಿ ಹಾಕಿಸಿದರೆ ಬಾಳಿಕೆ ಹೆಚ್ಚು.

ಪ್ರಶ್ನೆ: ಅರ್ತ್ ವೈರನ್ನು ನಲ್ಲಿಗೆ ಕಟ್ಟಬಹುದೆ? (ಮುಳಬಾಗಿಲು)

ಬೇಡ. ಗೋಡೆಯೊಳಗೆ ಈಗ ಇರುವುದು ಪ್ಲಾಸ್ಟಿಕ್ ಪೈಪ್, ಅದರಲ್ಲಿ ಕರೆಂಟ್ ನೆಲಕ್ಕೆ ಇಳಿಯದು. ಸ್ನಾನ ಮಾಡುವವರ ಕೈಗೇ ಕರೆಂಟ್ ಕೊಟ್ಟಂತೆ.

ಪ್ರಶ್ನೆ: ಗುಂಡಿ ಮಾಡಿಸಿ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ಅಡ್ಡಿ) ಅಳೆಸಿದೆವು, 18 ಓಮ್ ಬಂತು. ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದ್ದರೆ ಸಾಕಲ್ಲವೆ? (ಗೌರಿಬಿದನೂರು)

ಗೀಸರಿನ ಮೈಗೆ ಫೇಸ್ ತಾಗಿತು ಎಂದುಕೊಂಡು ಲೆಕ್ಕ ಹಾಕಿ ನೋಡಿ. 230ನ್ನು 18ರಿಂದ ಭಾಗಿಸಿದರೆ 13 ಆಂಪಿಯರ್ ಕೂಡ ಬರುವುದಿಲ್ಲ. 16 ಆಂಪಿಯರಿನ ಎಂ.ಸಿ.ಬಿ. ಅದಕ್ಕೆ ಜಗ್ಗದು, ಗೀಸರಿನ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. 5 ಓಮ್ ಒಳಗೆ ತಂದರೆ ಒಳ್ಳೆಯದು, ನಮ್ಮ ನೆಲದಲ್ಲಿ ಅದು ಸುಲಭವಲ್ಲ. ಹಾಗಾಗಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಅದು 0.03 ಆಂಪಿಯರ್ ಸೋರಿದರೂ ಬೀಳುತ್ತದೆ, 18 ಓಮ್ ಅದಕ್ಕೆ ಧಾರಾಳ. ಎಂ.ಸಿ.ಬಿ. ತೆಗೆಯಬೇಡಿ, ಓವರ್‌ಲೋಡ್ ನೋಡಿಕೊಳ್ಳುವುದು ಅದೇ.

ಆರ್.ಸಿ.ಸಿ.ಬಿ. ಹಾಕಿದ ದಿನವೇ ಪದೇ ಪದೇ ಬಿದ್ದರೆ ಯಂತ್ರ ಕೆಟ್ಟಿದೆ ಎಂದು ಬೈಪಾಸ್ ಮಾಡಿಸಬೇಡಿ. ಬಹುಮಟ್ಟಿಗೆ ಎಲ್ಲೋ ನ್ಯೂಟ್ರಲ್ ಅರ್ತ್‌ಗೆ ತಾಗಿದೆ, ಅಥವಾ ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆಯದರ ಜೊತೆ ಬೆರೆತಿದೆ. ಎಂ.ಸಿ.ಬಿ. ಕತ್ತರಿಸುವುದು ಫೇಸನ್ನು ಮಾತ್ರ. ಅದಕ್ಕೇ ಎಲ್ಲ ಎಂ.ಸಿ.ಬಿ. ಆಫ್ ಮಾಡಿದರೂ ಆರ್.ಸಿ.ಸಿ.ಬಿ. ಬೀಳಬಹುದು. ವೈರ್‌ಮನ್ ಪ್ರತಿ ಸಲ ಮೇನ್ ಆಫ್ ಮಾಡಿ ನ್ಯೂಟ್ರಲ್ ಲಿಂಕಿನಿಂದ (ಎಲ್ಲ ನ್ಯೂಟ್ರಲ್ ವೈರ್ ಸೇರುವ ಪಟ್ಟಿ) ಒಂದೊಂದೇ ವೈರ್ ಬಿಚ್ಚುತ್ತಾ ಹೋಗಲಿ. ಯಾವುದನ್ನು ಬಿಚ್ಚಿದಾಗ ನಿಲ್ಲುತ್ತದೋ ದೋಷ ಆ ಲೈನಿನಲ್ಲಿದೆ.